ಮ್ಯಾನ್ ದ್ವೀಪದ ಕೀಲ್‌ಗಳು, ಬಾವಿಗಳು ಮತ್ತು ‘ಅವರು’: ನೋಡಿದವರು, ಅಲ್ಲೇ ಇರುವವರು ಬರೆಯಿರಿ

ಸಮುದ್ರದಾಚೆ (ಚರ್ಚೆ ಆರಂಭಿಸಿದವರು)

ನಾನು ಲಿವರ್‌ಪೂಲ್‌ಗೆ ಬಂದು ಒಂಬತ್ತು ವರ್ಷವಾಯಿತು. ಬೇಸಿಗೆಯಲ್ಲಿ ಇಲ್ಲಿಂದ ಐಲ್ ಆಫ್ ಮ್ಯಾನ್‌ಗೆ ನೇರವಾಗಿ ಹಡಗು ಇರುತ್ತದೆ, ಮೂರು ಗಂಟೆಯೊಳಗೆ ಡಗ್ಲಸ್ ಬಂದರಿನಲ್ಲಿ ಇಳಿಸುತ್ತದೆ. ಇಷ್ಟು ಹತ್ತಿರವಿದ್ದರೂ ಎಂಟು ವರ್ಷ ಹೋಗಿರಲಿಲ್ಲ. ಮೋಟಾರ್ ಸೈಕಲ್ ಪಂದ್ಯ ನಡೆಯುವ ಊರು ಎಂಬುದನ್ನು ಬಿಟ್ಟು ನನಗೆ ಹೆಚ್ಚೇನೂ ಗೊತ್ತಿರಲಿಲ್ಲ. ಕಳೆದ ವರ್ಷ ಮೊದಲ ಸಲ ಹೋದೆ, ಅಲ್ಲಿಂದೀಚೆಗೆ ಮೂರು ಸಲ ಹೋಗಿದ್ದೇನೆ.

ಐರಿಶ್ ಸಮುದ್ರದ ನಡುವಿನ ದ್ವೀಪ ಅದು. 572 ಚದರ ಕಿಲೋಮೀಟರ್ ನೆಲ, ಸುಮಾರು 84,000 ಜನ. ಬ್ರಿಟನ್‌ನ ರಾಜಪೀಠಕ್ಕೆ ಸೇರಿದ್ದರೂ ಯುನೈಟೆಡ್ ಕಿಂಗ್‌ಡಮ್‌ನ ಭಾಗವಲ್ಲ. ಸ್ವಂತ ಸಂಸತ್ತು ಇದೆ, ಸ್ವಂತ ನೋಟು ಇದೆ, ಮ್ಯಾಂಕ್ಸ್ ಎಂಬ ಸ್ವಂತ ಭಾಷೆಯೂ ಇದೆ. ಆ ಭಾಷೆಯಲ್ಲಿ ದ್ವೀಪದ ಹೆಸರು ಎಲ್ಲನ್ ವ್ಯಾನಿನ್.

ಮೊದಲ ದಿನ ಡಗ್ಲಸ್‌ನಿಂದ ಕ್ಯಾಸಲ್‌ಟೌನ್ ಕಡೆಗೆ ಹೋಗುವ ಬಸ್ ಹತ್ತಿದೆ. ಪಕ್ಕದಲ್ಲಿ ಎಪ್ಪತ್ತು ದಾಟಿದ ಹೆಂಗಸು ಕುಳಿತಿದ್ದರು, ಮಡಿಲಲ್ಲಿ ತರಕಾರಿ ಚೀಲ. ದಾರಿಯಲ್ಲಿ ಒಂದು ಸಣ್ಣ ಸೇತುವೆ ಬಂತು. ಕಲ್ಲಿನ ಮೋಟುಗೋಡೆ, ಕೆಳಗೆ ಹಳ್ಳ, ಬದಿಯ ಮರಕ್ಕೆ ರಿಬ್ಬನ್ನು, ಚೀಟಿಗಳನ್ನು ಕಟ್ಟಿದ್ದರು. ಆಕೆ ಕಿಟಕಿಯ ಕಡೆಗೆ ತಿರುಗಿ ಮೆಲ್ಲಗೆ ‘ಲಾ ಮೈ’ ಎಂದರು. ಹಾಗೆಂದರೆ ‘ಶುಭದಿನ’. ಯಾರಿಗೆ ಹೇಳಿದಿರಿ ಎಂದು ಕೇಳಿದೆ. ‘ಅವರಿಗೆ’ ಎಂದರು. ಫೇರಿಗಳಿಗೋ, ಅಂದರೆ ಕಥೆಗಳಲ್ಲಿ ಬರುವ ಕಿನ್ನರರಂಥವರಿಗೋ, ಎಂದು ನಾನು ಬಾಯಿಬಿಟ್ಟು ಕೇಳಿದ್ದಕ್ಕೆ ಆಕೆ ನನ್ನ ಕೈಯ ಮೇಲೆ ಕೈಯಿಟ್ಟು, ಆ ಶಬ್ದ ಇಲ್ಲಿ ಬೇಡ, ‘ಅವರು’ ಎಂದರೆ ಸಾಕು ಎಂದರು. ಗದರಿಸಿದ ದನಿಯಲ್ಲ, ಚಪ್ಪಲಿ ಹೊರಗೆ ಬಿಡು ಎಂದು ಮಗುವಿಗೆ ಹೇಳುವ ದನಿ.

ಆದರೆ ನಾನು ಬರೆಯಬೇಕೆಂದಿರುವುದು ಮುಖ್ಯವಾಗಿ ಕೀಲ್‌ಗಳ ಬಗ್ಗೆ. ಕೀಲ್ ಎಂದರೆ ಮ್ಯಾಂಕ್ಸ್ ಭಾಷೆಯಲ್ಲಿ ಪುಟ್ಟ ಪ್ರಾರ್ಥನಾಮಂದಿರ. ದ್ವೀಪದ ಪಶ್ಚಿಮ ಕರಾವಳಿಯಲ್ಲಿ ಕ್ರಾಂಕ್ ನಿ ಅರ್ರಿ ಲಾ ಎಂಬ 437 ಮೀಟರ್ ಎತ್ತರದ ಬೆಟ್ಟವಿದೆ. ಹೆಸರಿನ ಅರ್ಥ ‘ಹಗಲು ಕಾವಲಿನ ಗುಡ್ಡ’. ಅದರ ಇಳಿಜಾರಿನಲ್ಲಿ ಸಮುದ್ರಕ್ಕೆ ಮುಖ ಮಾಡಿ ಲಾಗ್ ನಿ ಕೀಲ್ಯ, ಅಂದರೆ ‘ಕೀಲ್‌ನ ತಗ್ಗು’, ಎಂಬ ಜಾಗವಿದೆ. ಕಾರು ಅಲ್ಲಿಗೆ ಹೋಗುವುದಿಲ್ಲ, ಕಾಲುದಾರಿಯಲ್ಲಿ ನಡೆಯಬೇಕು. ನಾನು ಹೋದ ದಿನ ಮಂಜು ಕವಿದಿತ್ತು. ಎಡಕ್ಕೆ ಜರಿ, ಬಲಕ್ಕೆ ಕಡಲಿನ ಸದ್ದು ಮಾತ್ರ, ಕಡಲು ಕಾಣುತ್ತಿರಲಿಲ್ಲ. ಕೊನೆಗೆ ಕಂಡದ್ದು ಸುಣ್ಣ ಗಾರೆ ಏನೂ ಇಲ್ಲದೆ ಜೋಡಿಸಿದ ಕಲ್ಲಿನ ನಾಲ್ಕು ಕುಳ್ಳ ಗೋಡೆ. ನಮ್ಮ ಮನೆಯ ಅಡುಗೆಮನೆಯಷ್ಟೇ ಜಾಗ. ಸುತ್ತ ಹುಲ್ಲಿನಡಿಯಲ್ಲಿ ಸಮಾಧಿಗಳು. ಫಲಕವಿದ್ದರೂ ಕಾವಲಿಲ್ಲ, ಟಿಕೆಟ್ ಇಲ್ಲ. ಒಂದು ತಾಸು ಅಲ್ಲೇ ಕುಳಿತಿದ್ದೆ.

ಪೀಲ್ ಕೋಟೆಗೆ ಹೋದವರು ಬೇಕಾದಷ್ಟು ಜನ ಇದ್ದಾರೆ. ಕೀಲ್‌ಗಳನ್ನು ನೋಡಿದ ಕನ್ನಡಿಗರು ಇಲ್ಲಿ ಯಾರಾದರೂ ಇದ್ದೀರಾ? ಇವನ್ನೆಲ್ಲ ಉಳಿಸಿಕೊಂಡು ಬಂದದ್ದು ಯಾರು, ಹೇಗೆ? ಗೊತ್ತಿದ್ದವರು ಬರೆಯಿರಿ.

ಒಂದು ವಿನಂತಿ: ನಮ್ಮ ಊರಿನ ಬನ, ಭೂತಸ್ಥಾನಗಳಿಗೆ ಹೋಲಿಸುವ ಆಸೆ ನನಗೂ ಆಗುತ್ತದೆ. ಅದಕ್ಕೆ ಮೊದಲು ಆ ದ್ವೀಪವನ್ನು ಅದರ ನೆಲದಲ್ಲೇ ನಿಂತು ನೋಡೋಣ.

ಡಗ್ಲಸ್ ವಾಸಿ

ಈ ವೇದಿಕೆಯಲ್ಲಿ ಮ್ಯಾನ್ ಬಗ್ಗೆ ಯಾರೋ ಬರೆಯುತ್ತಾರೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ! ಅಕ್ಕಾ, ನಾನು ಆರು ವರ್ಷದಿಂದ ಇಲ್ಲೇ ಇದ್ದೇನೆ, ಹಿರಿಯರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ಕೆಲಸ.

ಮೊದಲು ಒಂದು ತಿದ್ದುಪಡಿ. ನೀವು ಬಸ್ಸಿನಿಂದ ಕಂಡದ್ದು ಹೆದ್ದಾರಿಯ ಸೇತುವೆ, ಪ್ರವಾಸಿಗಳು ಚೀಟಿ ಕಟ್ಟುವುದು ಅಲ್ಲೇ. ಹಳಬರನ್ನು ಕೇಳಿದರೆ ಡಗ್ಲಸ್ ಹತ್ತಿರ ಕಿವೇಗ್ ಬಳಿ ಪೊದೆಗಳ ನಡುವೆ ಇರುವ ಹಳೆಯ ಕಮಾನು ಸೇತುವೆಯೇ ನಿಜವಾದದ್ದು ಎನ್ನುತ್ತಾರೆ. ಅದಕ್ಕೆ ದಾರಿ ಕೇಳಿದರೆ ಎಲ್ಲರೂ ಹೇಳುವುದಿಲ್ಲ. ಹೇಳದಿರುವುದೂ ಒಂದು ಕಾಪಾಡುವ ರೀತಿಯೇ ಎಂದು ನನಗೆ ಈಗ ಅರ್ಥವಾಗಿದೆ.

‘ಅವರು’ ಎನ್ನುವುದರ ಜೊತೆಗೆ ‘ಮುಂಜರ್ ವೆಗಾ’ ಎಂಬ ಹೆಸರೂ ಇದೆ, ‘ಪುಟ್ಟ ಜನ’ ಎಂದು ಅರ್ಥ. ಇನ್ನೂ ಒಂದು ಬಾಯಿಬಿಡದ ಹೆಸರಿದೆ: ಇಲಿ. ಹೆಗ್ಗಣ, ಇಲಿ ಎಂದು ಇಲ್ಲಿ ಯಾರೂ ಅನ್ನುವುದಿಲ್ಲ, ‘ಉದ್ದಬಾಲ’ ಎನ್ನುತ್ತಾರೆ. ನಾನು ಬಂದ ಹೊಸದರಲ್ಲಿ ಉಗ್ರಾಣದಲ್ಲಿ ಇಲಿ ಇದೆ ಎಂದು ಜೋರಾಗಿ ಕೂಗಿದೆ, ಇಡೀ ಊಟದ ಕೋಣೆ ಗಪ್‌ಚುಪ್ ಆಯಿತು. ಒಬ್ಬ ಅಜ್ಜ ಮೇಜನ್ನು ಕುಟ್ಟಿ ಏನನ್ನೋ ಗೊಣಗಿಕೊಂಡರು.

ಆ ಅಜ್ಜನ ಬಗ್ಗೆಯೇ ಬರೆಯುತ್ತೇನೆ. ಏಪ್ರಿಲ್ 30ರ ಸಂಜೆ, ಅಂದರೆ ಮೇ ಹಬ್ಬದ ಹಿಂದಿನ ರಾತ್ರಿ, ಇಲ್ಲಿ ರೋವನ್ ಮರದ ಕಡ್ಡಿಯಿಂದ ಸಣ್ಣ ಶಿಲುಬೆ ಮಾಡಿ ಬಾಗಿಲ ಮೇಲೆ ಸಿಕ್ಕಿಸುತ್ತಾರೆ. ಹೆಸರು ‘ಕ್ರಾಶ್ ಕೀರ್ನ್’. ನಿಯಮ ಎರಡು: ಕಡ್ಡಿಯನ್ನು ಚಾಕು ಮುಟ್ಟಬಾರದು, ಕೈಯಿಂದಲೇ ಮುರಿಯಬೇಕು. ಕಟ್ಟುವುದಕ್ಕೆ ಅಂಗಡಿಯ ದಾರ ಬಾರದು, ಕುರಿಯ ಉಣ್ಣೆ ಬೇಕು, ಅದೂ ಕತ್ತರಿಸಿದ್ದಲ್ಲ, ಬೇಲಿಗೂ ಮುಳ್ಳಿಗೂ ಸಿಕ್ಕಿಕೊಂಡು ತಾನಾಗಿ ಉದುರಿದ್ದು. ಹೊಸ್ತಿಲಿಗೆ ಹಳದಿ ಹೂವು ಚೆಲ್ಲುತ್ತಾರೆ. ಅಜ್ಜ ಪ್ರತಿ ವರ್ಷ ತಮ್ಮ ಕೋಣೆಗೆ ಒಂದು ಮಾಡುತ್ತಿದ್ದರು. ಹೆಬ್ಬೆರಳಿನಲ್ಲಿ ಉಣ್ಣೆಯನ್ನು ಹೊಸೆದು, ನಾಲ್ಕು ಸುತ್ತು ಸುತ್ತಿ, ಗಂಟು ಹಾಕದೆ ತುದಿಯನ್ನು ಒಳಗೆ ತುರುಕುವುದನ್ನು ನೋಡುತ್ತಾ ನಿಂತರೆ ಕೆಲಸವೇ ಮರೆತುಹೋಗುತ್ತಿತ್ತು. ಹಳೆಯದನ್ನು ಕಸದ ಬುಟ್ಟಿಗೆ ಹಾಕಲು ಬಿಡುತ್ತಿರಲಿಲ್ಲ.

ಅಕ್ಟೋಬರ್ 31ರಂದು ‘ಹಾಪ್ ತು ನೇ’. ಅಮೆರಿಕದವರ ಕುಂಬಳಕಾಯಿ ಇಲ್ಲಿಗೂ ಬಂದಿದೆ, ಆದರೂ ಹಟ ಹಿಡಿದು ಟರ್ನಿಪ್ ಗಡ್ಡೆಯನ್ನೇ ಕೊರೆದು ದೀಪ ಇಡುವ ಮನೆಗಳಿವೆ. ಟರ್ನಿಪ್ ಕೊರೆಯುವುದೆಂದರೆ ತೆಂಗಿನ ಚಿಪ್ಪನ್ನು ಚಮಚದಲ್ಲಿ ಕೊರೆದಂತೆ, ಮಣಿಕಟ್ಟು ಬಿದ್ದುಹೋಗುತ್ತದೆ.

ಶಾಸನದ ಮೇಷ್ಟ್ರು

ನಾನು ದ್ವೀಪವನ್ನು ಕಣ್ಣಾರೆ ಕಂಡವನಲ್ಲ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ಅಲ್ಲಿಯ ಕಲ್ಲುಗಳ ಬಗ್ಗೆ ಮಾತ್ರ ಸಾಕಷ್ಟು ಓದಿಕೊಂಡಿದ್ದೇನೆ, ಆ ಒಂದು ವಿಷಯದ ಮೇಲೆ ಬರೆಯಲು ಅಪ್ಪಣೆ ಇರಲಿ.

ದ್ವೀಪದಲ್ಲಿ ಕೆತ್ತಿದ ಶಿಲುಬೆಗಲ್ಲುಗಳು 200ಕ್ಕಿಂತ ಹೆಚ್ಚಿವೆ. ಹಳೆಯವು ಕೆಲ್ಟಿಕ್ ಕ್ರೈಸ್ತರವು. ಒಂಬತ್ತನೆಯ ಶತಮಾನದಿಂದ ನಾರ್ಸ್ ಜನ, ಅಂದರೆ ವೈಕಿಂಗರು, ಬಂದು ನೆಲೆಸಿದರು. ಅವರ ಮಕ್ಕಳು ಮೊಮ್ಮಕ್ಕಳು ಕ್ರೈಸ್ತರಾಗಿ, ತಮ್ಮ ರೂನ್ ಲಿಪಿಯಲ್ಲಿ ಅದೇ ಶಿಲುಬೆಗಲ್ಲುಗಳ ಮೇಲೆ ಬರೆಸತೊಡಗಿದರು. ಕರ್ಕ್ ಮೈಕೆಲ್ ಎಂಬ ಹಳ್ಳಿಯ ಚರ್ಚಿನಲ್ಲಿರುವ ಒಂದು ಕಲ್ಲನ್ನು ನೋಡಿ. ಕಮ್ಮಾರನಾದ ಅಥಕನ್‌ನ ಮಗ ಮೇಲ್‌ಬ್ರಿಗ್ಡ್ ತನ್ನ ಆತ್ಮಕ್ಕಾಗಿ ಈ ಶಿಲುಬೆಯನ್ನು ನಿಲ್ಲಿಸಿದನು ಎಂದು ಅದರ ಮೇಲಿದೆ. ಕೊನೆಗೆ, ಇದನ್ನೂ ಮ್ಯಾನ್‌ನಲ್ಲಿರುವ ಎಲ್ಲವನ್ನೂ ಮಾಡಿದವನು ಗೌಟ್ ಎಂದು ಶಿಲ್ಪಿಯ ಸಹಿ. ಮೇಲ್‌ಬ್ರಿಗ್ಡ್ ಕೆಲ್ಟಿಕ್ ಹೆಸರು, ಗೌಟ್ ನಾರ್ಸ್ ಹೆಸರು, ಲಿಪಿ ರೂನ್, ಕಲ್ಲು ಶಿಲುಬೆ. ಒಂದೇ ಸಾಲಿನಲ್ಲಿ ಎರಡು ಜನಾಂಗ ಕೂತಿದೆ. ಸಾವಿರ ವರ್ಷದ ಹಿಂದೆ ಒಬ್ಬ ಕೆಲಸಗಾರ ತನ್ನ ಹೆಸರನ್ನು ಇಷ್ಟು ಎದೆಯುಬ್ಬಿಸಿ ಬರೆದುಕೊಂಡನಲ್ಲ ಎಂದು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಉತ್ತರದ ಆಂಡ್ರಿಯಾಸ್ ಎಂಬಲ್ಲಿ ಥಾರ್ವಾಲ್ಡ್‌ನ ಶಿಲುಬೆ ಎಂಬ ಒಡೆದ ತುಂಡು ಇದೆ. ಒಂದು ಬದಿಯಲ್ಲಿ ನಾರ್ಸ್ ಜನರ ಓಡಿನ್ ದೇವರು, ಹೆಗಲ ಬಳಿ ಕಾಗೆ, ಕಾಲು ಫೆನ್ರಿರ್ ತೋಳದ ಬಾಯಲ್ಲಿ. ಲೋಕದ ಕೊನೆಯ ಯುದ್ಧದಲ್ಲಿ ಹಳೆಯ ದೇವರು ಸಾಯುವ ಗಳಿಗೆ ಅದು. ಕಲ್ಲನ್ನು ತಿರುಗಿಸಿದರೆ ಇನ್ನೊಂದು ಬದಿಯಲ್ಲಿ ಶಿಲುಬೆ, ಗ್ರಂಥ ಹಿಡಿದು ಹಾವನ್ನು ತುಳಿಯುತ್ತಿರುವ ವ್ಯಕ್ತಿ, ಪಕ್ಕದಲ್ಲಿ ಮೀನು. ಎರಡು ನಂಬಿಕೆಗಳ ಕಲಸುಮೇಲೋಗರ ಎಂದು ಕೆಲವರು ಬರೆಯುವುದುಂಟು. ನನಗೆ ಹಾಗೆ ಕಾಣುವುದಿಲ್ಲ. ಕೆತ್ತಿದವನಿಗೆ ಎರಡೂ ಕಥೆಗಳು ಚೆನ್ನಾಗಿ ಗೊತ್ತು, ಒಂದು ಮುಗಿದು ಇನ್ನೊಂದು ತೊಡಗುವುದನ್ನು ಬೆನ್ನಿಗೆ ಬೆನ್ನು ಕೊಟ್ಟು ಕೆತ್ತಿದ್ದಾನೆ.

‘ಸಮುದ್ರದಾಚೆ’ಯವರೇ, ನೀವು ಕಂಡ ಕೀಲ್ ಯಾವ ಕಾಲದ್ದು? ಒಳಗೆ ಪೀಠ ಉಳಿದಿತ್ತೇ?

ಸಮುದ್ರದಾಚೆ

ಮೇಷ್ಟ್ರೇ, ವಂದನೆಗಳು. ಪೀಠದ ಗುರುತು ಪೂರ್ವದ ಗೋಡೆಗೆ ತಾಗಿ ಉಳಿದಿದೆ. ಕಾಲ ಹೇಳುವುದು ಕಷ್ಟದ ಕೆಲಸ. ಆರನೆಯ ಶತಮಾನದಿಂದ ಹನ್ನೆರಡನೆಯ ಶತಮಾನದವರೆಗೆ ಕೀಲ್‌ಗಳನ್ನು ಕಟ್ಟಿದರು, ಇದ್ದ ಜಾಗದಲ್ಲೇ ಮತ್ತೆ ಮತ್ತೆ ಕಟ್ಟಿದರು. ಮೊದಲು ಮಣ್ಣು, ಹುಲ್ಲುಹೆಂಟೆ, ಮರ. ನಂತರ ಕಲ್ಲು. ಸಾಮಾನ್ಯವಾಗಿ ಒಳಗೆ 15 ಅಡಿ ಉದ್ದ, 10 ಅಡಿ ಅಗಲ. ಹತ್ತು ಜನ ನಿಂತರೆ ಒತ್ತೊತ್ತು. ಸುಮಾರು 200 ಜಾಗಗಳ ಲೆಕ್ಕ ಸಿಗುತ್ತದೆ, ಗೋಡೆ ಕಣ್ಣಿಗೆ ಕಾಣುವುದು ಕೆಲವೇ ಕಡೆ. ‘ಟ್ರೀನ್’ ಎಂಬುದು ಅಲ್ಲಿಯ ಹಳೆಯ ಭೂವಿಭಾಗ, ಟ್ರೀನ್‌ಗೆ ಒಂದು ಕೀಲ್ ಎಂಬ ಮಾತಿದೆ, ಎಲ್ಲ ಕಡೆ ಅದು ಸರಿಹೊಂದುವುದಿಲ್ಲ.

ಉಳಿದದ್ದು ಹೇಗೆ ಎಂಬ ನನ್ನ ಪ್ರಶ್ನೆಗೆ ನಾನೇ ಸ್ವಲ್ಪ ಹುಡುಕಿದೆ. ಎರಡು ಉತ್ತರ ಸಿಕ್ಕಿತು. ಮೊದಲನೆಯದು ಭಯ. ಕೀಲ್‌ನ ಕಲ್ಲು ಕಿತ್ತು ಕೊಟ್ಟಿಗೆ ಕಟ್ಟಿದವನ ದನ ಸತ್ತಿತು, ಕೀಲ್ ಮೇಲೆ ನೇಗಿಲು ಹಾಯಿಸಿದವನು ಆ ವರ್ಷ ದಾಟಲಿಲ್ಲ ಎಂಬ ಕಥೆಗಳು ಊರೂರಲ್ಲಿವೆ. ರೈತರು ಸುತ್ತಿ ಉತ್ತರು, ಗದ್ದೆಯ ನಡುವೆ ಒಂದು ಹುಲ್ಲಿನ ದಿಬ್ಬ ಉಳಿಯಿತು. ಎರಡನೆಯದು ಪಿ. ಎಂ. ಸಿ. ಕರ್ಮೋಡ್ ಎಂಬ ಮನುಷ್ಯ. ಶಿಲುಬೆಗಲ್ಲುಗಳ ಪಟ್ಟಿ ಮಾಡಿ 1907ರಲ್ಲಿ ಪ್ರಕಟಿಸಿದರು. ಆಮೇಲೆ ಒಂದೊಂದೇ ಪ್ಯಾರಿಷ್, ಅಂದರೆ ಒಂದೊಂದು ಚರ್ಚಿನ ವ್ಯಾಪ್ತಿಯ ಪ್ರದೇಶ, ಹಿಡಿದು ಕೀಲ್‌ಗಳನ್ನು ಅಳೆದು ನಕ್ಷೆ ಮಾಡಿಸಿದರು. 1922ರಲ್ಲಿ ಮ್ಯಾಂಕ್ಸ್ ವಸ್ತುಸಂಗ್ರಹಾಲಯ ತೆರೆದಾಗ ಅದರ ಮೊದಲ ನಿರ್ದೇಶಕರೂ ಅವರೇ.

ಅಗೆದಾಗ ಬಹಳ ಕೀಲ್‌ಗಳಲ್ಲಿ, ಸಮಾಧಿಗಳಲ್ಲಿ ಬಿಳಿಯ ಬೆಣಚುಕಲ್ಲಿನ ಹರಳುಗಳು ಸಿಕ್ಕವು. ತಂದು ಇಟ್ಟದ್ದು. ಯಾಕೆ ಎಂಬುದಕ್ಕೆ ಯಾವ ಬರಹವೂ ಇಲ್ಲ. ಲಾಗ್ ನಿ ಕೀಲ್ಯದಲ್ಲಿ ಗೋಡೆಯ ಸಂದಿಯಲ್ಲಿ ಈಚೆಗೆ ಯಾರೋ ಇಟ್ಟ ಅಂಥದೇ ಒಂದು ಹರಳನ್ನು ಕಂಡೆ. ಕೋಳಿಮೊಟ್ಟೆಯ ಗಾತ್ರ, ಮಂಜಿನ ನೀರಿನಲ್ಲಿ ಒದ್ದೆಯಾಗಿ ಹೊಳೆಯುತ್ತಿತ್ತು. ಕೈಗೆತ್ತಿಕೊಳ್ಳಬೇಕೆನಿಸಿತು, ಎತ್ತಿಕೊಳ್ಳಲಿಲ್ಲ.

ಮಲೆನಾಡಿನ ಹುಡುಗ

ಎಲ್ಲರ ಬರಹವನ್ನೂ ಓದಿದೆ, ಸಂತೋಷವಾಯಿತು. ಆದರೂ ಒಂದು ಅನುಮಾನ ಕೇಳಿಯೇ ಬಿಡುತ್ತೇನೆ, ಹಿರಿಯರು ಬೇಸರಿಸಬಾರದು. ಈ ಕಥೆಗಳಲ್ಲಿ ಎಷ್ಟು ಪಾಲು ನಿಜವಾಗಿ ಹಳೆಯವು? ಹತ್ತೊಂಬತ್ತನೆಯ ಶತಮಾನದಲ್ಲಿ ಹಡಗು ತುಂಬ ಪ್ರವಾಸಿಗಳು ಬರತೊಡಗಿದ ಮೇಲೆ ಹೋಟೆಲಿನವರು, ಪುಸ್ತಕದವರು ಸೇರಿ ಹೊಲಿದ ಅಂಗಿ ಇದು ಎಂದು ನನಗೆ ಅನಿಸುತ್ತದೆ. ಪೀಲ್ ಕೋಟೆಯ ಕರಿನಾಯಿಯ ಕಥೆಯನ್ನೇ ತೆಗೆದುಕೊಳ್ಳಿ, ದೆವ್ವದ ನಾಯಿ ಇಂಗ್ಲೆಂಡಿನ ಅರ್ಧ ಊರುಗಳಲ್ಲಿದೆ. ಸೇತುವೆಗೆ ಕೈಬೀಸುವುದೂ ಪ್ರವಾಸಿ ಆಟವೇ ಅಲ್ಲವೇ? ನಂಬಿಕೆ ಸತ್ತಮೇಲೆ ಉಳಿಯುವ ಪ್ರದರ್ಶನವನ್ನು ಪರಂಪರೆ ಎನ್ನುವುದು ಎಷ್ಟು ಸರಿ?

ಸಮುದ್ರದಾಚೆ

ಬೇಸರವೇಕೆ ತಮ್ಮಾ, ಕೇಳಬೇಕಾದ ಪ್ರಶ್ನೆಯೇ.

ಕರಿನಾಯಿ, ಅಂದರೆ ಮೌದ ಡೂ, ಹೋಟೆಲುಗಳಿಗಿಂತ ಬಹಳ ಹಳೆಯದು. ಜಾರ್ಜ್ ವಾಲ್ಡ್ರನ್ ಎಂಬ ಇಂಗ್ಲಿಷ್ ಅಧಿಕಾರಿ ದ್ವೀಪದಲ್ಲಿದ್ದಾಗ ಕೇಳಿ ಬರೆದದ್ದು 1731ರಲ್ಲಿ ಅಚ್ಚಾಯಿತು. ದೀಪ ಹಚ್ಚುತ್ತಿದ್ದಂತೆ ಒಂದು ಪೊದೆಗೂದಲ ಕರಿನಾಯಿ ಕಾವಲುಗಾರರ ಕೋಣೆಗೆ ಬಂದು ಬೆಂಕಿಯ ಮುಂದೆ ಮಲಗುತ್ತಿತ್ತು. ಸೈನಿಕರಿಗೆ ಅಭ್ಯಾಸವಾಗಿ ಹೋಗಿತ್ತು, ಅದು ಇರುವಷ್ಟು ಹೊತ್ತು ಕೆಟ್ಟ ಮಾತಾಡುತ್ತಿರಲಿಲ್ಲ. ಕೋಟೆಯ ಬೀಗದ ಕೈ ಒಪ್ಪಿಸಲು ಹಳೆಯ ಚರ್ಚಿನೊಳಗಿನ ದಾರಿಯಲ್ಲಿ ಯಾವಾಗಲೂ ಇಬ್ಬಿಬ್ಬರಾಗಿ ಹೋಗುತ್ತಿದ್ದರು. ಒಂದು ರಾತ್ರಿ ಕುಡಿದ ಸೈನಿಕನೊಬ್ಬ ಒಬ್ಬನೇ ಹೋದ. ಗದ್ದಲ ಕೇಳಿಸಿತು. ಹಿಂದೆ ಬಂದವನಿಗೆ ಮಾತು ಹೋಗಿತ್ತು, ಮೂರು ದಿನದಲ್ಲಿ ಸತ್ತ. ಆ ದಾರಿಯನ್ನು ಮುಚ್ಚಿ ಬೇರೆ ದಾರಿ ಮಾಡಿದರು. ಇದನ್ನು ವಾಲ್ಡ್ರನ್‌ಗೆ ಹೇಳಿದ ಮುದಿ ಸೈನಿಕ, ನನ್ನ ತಲೆಯ ಮೇಲೆ ಈಗ ಉಳಿದ ಕೂದಲಿಗಿಂತ ಹೆಚ್ಚು ಸಲ ನಾನೇ ಅದನ್ನು ಕಂಡಿದ್ದೇನೆ ಎಂದನಂತೆ. ನನಗೆ ಈ ಕಥೆಯಲ್ಲಿ ಹಿಡಿಸುವುದು ಸಾವಲ್ಲ, ನಾಯಿಯ ಮುಂದೆ ಮಾತು ತಿದ್ದಿಕೊಂಡ ಸೈನಿಕರು.

ಇನ್ನೊಂದು ಸಾಕ್ಷಿ. ಫಿನೋಡರಿ ಎಂಬ ರೋಮಮಯ ಬಲಶಾಲಿ ಇದ್ದಾನೆ, ರಾತ್ರಿ ಬಂದು ರೈತರ ಹುಲ್ಲು ಕೊಯ್ದು, ಕುರಿ ಅಟ್ಟಿ ಕೊಡುವವನು. ಗ್ಲೆನ್ ಆಲ್ಡಿನ್ ಕಣಿವೆಯ ಹುಡುಗಿಯೊಬ್ಬಳನ್ನು ಪ್ರೀತಿಸಿದ ತಪ್ಪಿಗೆ ‘ಅವರು’ ಹೊರಹಾಕಿದರಂತೆ. ಒಂದು ಹಿಮದ ರಾತ್ರಿ ಕುರಿಗಳನ್ನೆಲ್ಲ ದೊಡ್ಡಿಗೆ ಸೇರಿಸಿ, ಉಳಿದವುಗಳಿಗಿಂತ ಆ ಸಣ್ಣ ಕಂದು ಮರಿಯೇ ನನ್ನನ್ನು ಹೆಚ್ಚು ಓಡಾಡಿಸಿತು ಎಂದನಂತೆ. ಬೆಳಗ್ಗೆ ನೋಡಿದರೆ ಕುರಿಗಳ ನಡುವೆ ಒಂದು ಮೊಲ! ಕೃತಜ್ಞತೆಯಿಂದ ಯಾರೋ ಬಟ್ಟೆ ಹೊಲಿಸಿಟ್ಟರು, ಅವನಿಗೆ ನೋವಾಗಿ ಹೊರಟೇ ಹೋದ. ಈಗ ಗಮನಿಸಿ: 1770ರ ದಶಕದಲ್ಲಿ ಬೈಬಲ್ಲು ಮ್ಯಾಂಕ್ಸ್‌ಗೆ ಬಂದಾಗ, ಯೆಶಾಯನ ಗ್ರಂಥದ 34ನೆಯ ಅಧ್ಯಾಯದಲ್ಲಿ ಪಾಳುಬಿದ್ದ ನಾಡಿನಲ್ಲಿ ಕೂಗುವ ರೋಮಮಯ ಜೀವಿಗೆ ಅನುವಾದಕರು ಬಳಸಿದ ಪದ ‘ಫಿನೋಡರಿ’. ಪಾದ್ರಿಗಳ ಕೈಗೆ ಸಹಜವಾಗಿ ಬಂದ ಪದವದು, ಯಾವ ಪ್ರವಾಸಿಗೂ ಮಾಡಿದ್ದಲ್ಲ.

ಸೇತುವೆಯ ಚೀಟಿಗಳು ಹೊಸವು ಎನ್ನುವುದನ್ನು ಒಪ್ಪುತ್ತೇನೆ. ನನಗೂ ಅವು ಇಷ್ಟವಾಗಲಿಲ್ಲ.

ಡಗ್ಲಸ್ ವಾಸಿ

ಪ್ರದರ್ಶನ ಎಂಬ ಮಾತಿಗೆ ನನ್ನದೂ ಒಂದು ಉತ್ತರ.

ಜುಲೈ 5ರಂದು ಸೇಂಟ್ ಜಾನ್ಸ್ ಎಂಬ ಊರಿನಲ್ಲಿ ಟಿನ್‌ವಾಲ್ಡ್ ದಿನ. ಹಳೆಯ ಪಂಚಾಂಗದ ಪ್ರಕಾರ ನಡುಬೇಸಿಗೆಯ ದಿನ ಅದು. ಅಲ್ಲಿ ನಾಲ್ಕು ಮೆಟ್ಟಿಲಿನ ದುಂಡನೆಯ ಹಸಿರು ದಿಬ್ಬವಿದೆ, 17 ಪ್ಯಾರಿಷ್‌ಗಳ ಮಣ್ಣು ತಂದು ಕಟ್ಟಿದ್ದು ಎಂದು ಪ್ರತೀತಿ. ಟಿನ್‌ವಾಲ್ಡ್, ಅಂದರೆ ಇಲ್ಲಿಯ ಸಂಸತ್ತು, ವರ್ಷಕ್ಕೊಮ್ಮೆ ಆ ದಿಬ್ಬದ ಮೇಲೆ ಬಯಲಿನಲ್ಲೇ ಕೂರುತ್ತದೆ. ಹಿಂದಿನ ವರ್ಷದಲ್ಲಿ ಆದ ಕಾನೂನುಗಳ ಹೆಸರನ್ನು ಮ್ಯಾಂಕ್ಸ್ ಮತ್ತು ಇಂಗ್ಲಿಷ್ ಎರಡರಲ್ಲೂ ಓದುತ್ತಾರೆ. ಒಪ್ಪಿಗೆಯಾದ ಕಾನೂನನ್ನು 18 ತಿಂಗಳೊಳಗೆ ಅಲ್ಲಿ ಸಾರದಿದ್ದರೆ ಅದು ಬಿದ್ದುಹೋಗುತ್ತದೆ. ಯಾರು ಬೇಕಾದರೂ ದಿಬ್ಬದ ಬುಡಕ್ಕೆ ಹೋಗಿ ಅಹವಾಲು ಸಲ್ಲಿಸಬಹುದು. ಇದರಲ್ಲಿ ಯಾವುದು ಪ್ರದರ್ಶನ, ಹೇಳಿ?

ಚರ್ಚಿನಿಂದ ದಿಬ್ಬದವರೆಗಿನ ದಾರಿಗೆ ಹಸಿರು ಜೊಂಡು ಹಾಸುತ್ತಾರೆ. ಅದಕ್ಕೂ ಒಂದು ಹಿನ್ನೆಲೆ ಇದೆ. ದ್ವೀಪದ ಮೊದಲ ಒಡೆಯ ಮನನಾನ್, ಸಮುದ್ರದ ದೇವರು. ಶತ್ರುಗಳ ಹಡಗು ಕಂಡರೆ ದ್ವೀಪದ ಮೇಲೆ ಮಂಜಿನ ಹೊದಿಕೆ ಎಳೆಯುತ್ತಿದ್ದ. ಅಕ್ಕ ಹೋದ ದಿನದಂಥ ಮಂಜು ಕವಿದರೆ ಇಂದಿಗೂ ‘ಮನನಾನ್‌ನ ಹೊದಿಕೆ’ ಎಂದೇ ಅನ್ನುವುದು. ಅವನಿಗೆ ಜನ ಕೊಡುತ್ತಿದ್ದ ಗೇಣಿ ಎಂದರೆ ನಡುಬೇಸಿಗೆಯ ಸಂಜೆ ಸೌತ್ ಬರೂಲ್ ಬೆಟ್ಟಕ್ಕೆ ಹೊತ್ತೊಯ್ದ ಒಂದೊಂದು ಹೊರೆ ಜೊಂಡು. ಇದು ಹಳೆಯ ಮ್ಯಾಂಕ್ಸ್ ಲಾವಣಿಯಲ್ಲಿದೆ, ಆ ಲಾವಣಿ 16ನೆಯ ಶತಮಾನದ ಆರಂಭದ್ದು ಎನ್ನುತ್ತಾರೆ. ಇನ್ನೊಂದು: ಆ ದಿನ ಎಲ್ಲರೂ, ಮಂತ್ರಿಗಳು ಕೂಡ, ‘ಬೊಲ್ಲನ್ ಬೇನ್’ ಎಂಬ ಸೊಪ್ಪಿನ ಚಿಗುರನ್ನು ಕೋಟಿಗೆ ಸಿಕ್ಕಿಸಿಕೊಳ್ಳುತ್ತಾರೆ. ಕೆಡುಕಿನಿಂದ ಕಾಪಾಡುವ ಸೊಪ್ಪು. ನಾನು ಮೊದಲ ವರ್ಷ ಒಂದು ಎಲೆಯನ್ನು ಹೊಸಕಿ ಮೂಸಿ ಬೆರಗಾದೆ. ನಮ್ಮ ಗಣೇಶನ ಪತ್ರೆಗಳಲ್ಲಿ ಇರುವ ಮಾಚಿಪತ್ರೆಯ ಬಳಗದ್ದೇ ಆ ಗಿಡ, ಅದೇ ಕಟುಗಂಪು.

ಶಾಸನದ ಮೇಷ್ಟ್ರು

ಪವಿತ್ರ ಜಾಗಗಳು ಎಂದೊಡನೆ ಶಾಂತಿ, ಸಾಮರಸ್ಯ ಎಂದು ಬರೆದುಬಿಡುವ ಅಪಾಯವಿದೆ. ಬಲ್ಲಡೂಲ್ ಎಂಬ ಜಾಗವನ್ನು ನೀವು ಯಾರೂ ಹೆಸರಿಸಲಿಲ್ಲ, ಹಾಗಾಗಿ ಬರೆಯುತ್ತೇನೆ.

ದಕ್ಷಿಣ ತೀರದಲ್ಲಿ, ಕ್ಯಾಸಲ್‌ಟೌನ್‌ಗೆ ಸಮೀಪದ ಒಂದು ಗುಡ್ಡ. ಅದರ ಮೇಲೆ ಕಬ್ಬಿಣಯುಗದ ಕೋಟೆಯ ದಿಣ್ಣೆ ಇದೆ, ಕೀಲ್ ವೇಲ್ ಎಂಬ ಕೀಲ್ ಇದೆ, ಕ್ರೈಸ್ತರ ಕಲ್ಲುಹಾಸಿನ ಗೋರಿಗಳಿವೆ. ಆ ಗೋರಿಗಳ ಮೇಲೆ ಒಂದು ವೈಕಿಂಗ್ ನಾವೆಯ ಸಮಾಧಿ. ಸುಮಾರು 11 ಮೀಟರ್ ಉದ್ದದ ದೋಣಿಯನ್ನು ಗುಡ್ಡಕ್ಕೆ ಎಳೆದು ತಂದು, ಒಳಗೆ ಒಬ್ಬ ಗಂಡಸನ್ನು ಅವನ ಕುದುರೆಯ ಸಜ್ಜು, ರಿಕಾಪು, ಗುರಾಣಿಯೊಂದಿಗೆ ಮಲಗಿಸಿ ಕಲ್ಲು ಮುಚ್ಚಿದ್ದರು. ಮರವೆಲ್ಲ ಕರಗಿ ಹೋಗಿ ನೂರಾರು ಕಬ್ಬಿಣದ ಮೊಳೆಗಳು ದೋಣಿಯ ಆಕಾರದಲ್ಲಿ ಮಣ್ಣಿನಲ್ಲಿ ಉಳಿದಿದ್ದವು. ಜೊತೆಯಲ್ಲಿ ಒಬ್ಬ ಹೆಂಗಸಿನ ಮೂಳೆಗಳೂ ಇದ್ದವು, ಅವಳಿಗೆ ಒಂದು ಮಣಿಯೂ ಇಟ್ಟಿರಲಿಲ್ಲ. ಬಲಿ ಕೊಟ್ಟ ದಾಸಿಯೇ ಅವಳು ಎಂಬ ವಾದ ಇಂದಿಗೂ ತೀರಿಲ್ಲ. ಕೆಳಗಿನ ಕ್ರೈಸ್ತ ಗೋರಿಗಳನ್ನು ಕೆದಕಿದ್ದರು. ಕೆಲವು ಕೈಕಾಲುಗಳ ಮೂಳೆಗಳು ಇನ್ನೂ ಕೀಲು ಕೀಲು ಕೂಡಿಕೊಂಡೇ ಬದಿಗೆ ಬಿದ್ದಿದ್ದವು. ಅಂದರೆ ಆ ಸತ್ತವರು ಹಳಬರಲ್ಲ, ಅವರಿಗಾಗಿ ಅಳುವವರು ಊರಿನಲ್ಲಿ ಇನ್ನೂ ಬದುಕಿದ್ದರು.

ಇದನ್ನು ಅಗೆದವರ ಕಥೆಯೂ ಕೇಳಬೇಕು. ಗೆರ್ಹಾರ್ಡ್ ಬೆರ್ಸು ಜರ್ಮನಿಯ ಹೆಸರಾಂತ ಪುರಾತತ್ವಜ್ಞರು. ಯಹೂದಿ ಮೂಲದ ಕಾರಣಕ್ಕೆ ನಾಜಿಗಳು 1935ರಲ್ಲಿ ಹುದ್ದೆಯಿಂದ ಇಳಿಸಿದರು. ಇಂಗ್ಲೆಂಡಿಗೆ ಬಂದರು. 1940ರಲ್ಲಿ ಇಂಗ್ಲೆಂಡ್ ಅವರನ್ನು ಶತ್ರುದೇಶದವರೆಂದು ಮ್ಯಾನ್ ದ್ವೀಪದ ಬಂಧನ ಶಿಬಿರಕ್ಕೆ ಹಾಕಿತು. ಅಲ್ಲಿಂದ ಕಾವಲಿನ ನಡುವೆ, ಸಹಬಂದಿಗಳನ್ನೇ ಕೆಲಸಕ್ಕೆ ಕರೆದುಕೊಂಡು ಅವರು ದ್ವೀಪವನ್ನು ಅಗೆದರು. ಬಲ್ಲಡೂಲ್ ಬೆಳಕಿಗೆ ಬಂದದ್ದು ಹಾಗೆ, 1945ರ ಹೊತ್ತಿಗೆ. ಎರಡು ದೇಶಗಳು ಹೊರದೂಡಿದ ಮನುಷ್ಯ ಇನ್ನೊಂದು ಜನರ ಸತ್ತವರನ್ನು ಅಷ್ಟು ಜತನದಿಂದ, ಒಂದೊಂದು ಮೊಳೆಯ ಜಾಗ ಗುರುತು ಹಾಕಿ ಎತ್ತಿದರು. ತರಗತಿಯಲ್ಲಿ ಇದನ್ನು ಹೇಳುವಾಗ ಪ್ರತಿ ಸಲವೂ ನನ್ನ ಗಂಟಲು ಕಟ್ಟುತ್ತಿತ್ತು.

ಕೊಡಗಿನವಳು

ಮೇಷ್ಟ್ರ ಬರಹ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ನನಗೆ ಈ ದ್ವೀಪ ಗೊತ್ತಾದದ್ದು ಭಾಷೆಯಿಂದ. 2009ರಲ್ಲಿ ಯುನೆಸ್ಕೋ ಪ್ರಕಟಿಸಿದ ಅಪಾಯದಲ್ಲಿರುವ ಭಾಷೆಗಳ ಪಟ್ಟಿಯಲ್ಲಿ ನಮ್ಮ ಕೊಡವ ತಕ್ ಕೂಡ ಇದೆ, ಅದನ್ನು ಹುಡುಕುತ್ತಿದ್ದಾಗ ಮ್ಯಾಂಕ್ಸ್ ಕಣ್ಣಿಗೆ ಬಿತ್ತು. ಅದನ್ನು ಮೊದಲು ಅಳಿದ ಭಾಷೆಯೆಂದೇ ಗುರುತಿಸಿದ್ದರು. ತಾಯ್ನುಡಿಯಾಗಿ ಕಲಿತ ಕೊನೆಯ ಹಿರಿಯ ನೆಡ್ ಮ್ಯಾಡ್ರೆಲ್ ಎಂಬ ಮೀನುಗಾರ 1974ರ ಡಿಸೆಂಬರ್‌ನಲ್ಲಿ ತೀರಿಕೊಂಡಿದ್ದರು. ಆದರೆ ಅಷ್ಟರಲ್ಲಿ ದ್ವೀಪದಲ್ಲಿ ಮ್ಯಾಂಕ್ಸ್ ಮಾಧ್ಯಮದ ಪ್ರಾಥಮಿಕ ಶಾಲೆ ನಡೆಯುತ್ತಿತ್ತು, 2001ರಿಂದ. ಆ ಶಾಲೆಯ ಮಕ್ಕಳು ಯುನೆಸ್ಕೋಗೆ ಮ್ಯಾಂಕ್ಸ್‌ನಲ್ಲೇ ಪತ್ರ ಬರೆದರು: ನಮ್ಮ ಭಾಷೆ ಸತ್ತಿದ್ದರೆ ನಾವು ಬರೆಯುತ್ತಿರುವುದು ಯಾವ ಭಾಷೆಯಲ್ಲಿ ಎಂದು. ಯುನೆಸ್ಕೋ ತಿದ್ದಿತು. ಈಗ ಎರಡು ಸಾವಿರಕ್ಕೂ ಹೆಚ್ಚು ಜನ ಅಷ್ಟೋ ಇಷ್ಟೋ ಬಲ್ಲೆವು ಎಂದು ಜನಗಣತಿಯಲ್ಲಿ ಬರೆಸುತ್ತಾರೆ.

ಮ್ಯಾಡ್ರೆಲ್ ಮತ್ತು ಅವರ ಓರಗೆಯ ಮುದುಕರ ಮಾತನ್ನು 1948ರಲ್ಲಿ ಐರ್ಲೆಂಡಿನ ಜಾನಪದ ಆಯೋಗದವರು ಬಂದು ಧ್ವನಿಮುದ್ರಿಸಿಕೊಂಡು ಹೋದರು. ಪಕ್ಕದ ದೇಶದವರಿಗೆ ಇದ್ದ ಆ ಕಾಳಜಿ ದ್ವೀಪದ ಸರ್ಕಾರಕ್ಕೆ ಆಗ ಇರಲಿಲ್ಲ. ಇಂದು ಮಕ್ಕಳು ಉಚ್ಚಾರ ಕಲಿಯುವುದು ಅಂಥ ಧ್ವನಿಗಳಿಂದ. ನಮ್ಮ ಮನೆಯ ಅಜ್ಜಿಯ ಹಾಡುಗಳನ್ನು ನಾನು ಮೊಬೈಲ್‌ನಲ್ಲಿ ಹಿಡಿದಿಡಲು ತೊಡಗಿದ್ದು ಇದನ್ನು ಓದಿದ ವಾರದಲ್ಲಿ.

ಸಮುದ್ರದಾಚೆ

ತಂಗೀ, ನಿನ್ನ ಮಾತಿಗೆ ಒಂದೇ ಒಂದು ಸೇರ್ಪಡೆ. ಭಾಷೆ ಮಾತಿನಿಂದ ಹೋಗಿದ್ದ ಕಾಲದಲ್ಲೂ ನೆಲದ ಮೇಲೆ ಉಳಿದಿತ್ತು. ಬಲ್ಲ ಎಂದರೆ ಒಕ್ಕಲುಮನೆ, ಕ್ರಾಂಕ್ ಎಂದರೆ ಗುಡ್ಡ, ಸ್ಲೂ ಎಂದರೆ ಬೆಟ್ಟ, ಚಿಬ್ಬರ್ ಎಂದರೆ ಬಾವಿ. ಇಂಗ್ಲಿಷ್ ಬಿಟ್ಟು ಬೇರೆ ಬಾರದ ಅಂಚೆಯವನೂ ದಿನಕ್ಕೆ ನೂರು ಸಲ ಮ್ಯಾಂಕ್ಸ್ ಓದುತ್ತಿದ್ದ.

ಬಾವಿ ಎಂದಾಗ ನೆನಪಾಯಿತು. ಮ್ಯಾಲೂ ಪ್ಯಾರಿಷ್‌ನಲ್ಲಿ ಚಿಬ್ಬರ್ ಅನ್‌ಜಿನ್, ಅಂದರೆ ಆ್ಯಶ್ ಮರದ ಬಾವಿ ಇತ್ತು. ಕಾಯಿಲೆಯವರು ನೀರು ಕುಡಿದು, ಬಟ್ಟೆಯ ಚೂರನ್ನು ಆ ನೀರಿನಲ್ಲಿ ಅದ್ದಿ ಮರಕ್ಕೆ ಕಟ್ಟುತ್ತಿದ್ದರು, ಬಟ್ಟೆ ಕೊಳೆತಂತೆ ಕಾಯಿಲೆ ಕಳೆಯುತ್ತದೆ ಎಂದು. ಪೂರ್ವದ ತುದಿಯಲ್ಲಿ ಸಂತ ಮಾಹಲ್ಡ್‌ನ ಬಾವಿ. ಅವನು ಮೊದಲು ದರೋಡೆಕೋರ, ಸಂತ ಪ್ಯಾಟ್ರಿಕ್ ಅವನನ್ನು ಕಟ್ಟಿ ಹುಟ್ಟಿಲ್ಲದ ತೊಗಲಿನ ದೋಣಿಯಲ್ಲಿ ಬಿಟ್ಟನಂತೆ, ಅಲೆ ತಂದು ಈ ದಡಕ್ಕೆ ಹಾಕಿತು. ಆ ಚರ್ಚಿನ ಅಂಗಳದಲ್ಲಿ ಮೂರು ಕೀಲ್‌ಗಳ ಕುರುಹು, ನಲವತ್ತಕ್ಕೂ ಹೆಚ್ಚು ಶಿಲುಬೆಗಲ್ಲು ಒಟ್ಟಿಗೆ ನೋಡಲು ಸಿಗುತ್ತವೆ. ಮೇಷ್ಟ್ರು ಬಂದರೆ ಮೊದಲು ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ.

ಮೇಷ್ಟ್ರಿಗೆ ಇನ್ನೊಂದು ವಿಷಯ. 1134ರಲ್ಲಿ ಸ್ಥಾಪನೆಯಾದ ರಶೆನ್ ಮಠದಲ್ಲಿ ಸನ್ಯಾಸಿಗಳು ಲ್ಯಾಟಿನ್‌ನಲ್ಲಿ ಬರೆದ ಮ್ಯಾನ್ ದೊರೆಗಳ ವೃತ್ತಾಂತ ಇಂದು ಇರುವುದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ. ದ್ವೀಪದವರು ಅದನ್ನು ಮರಳಿ ಕೇಳುತ್ತಲೇ ಇದ್ದಾರೆ. ಅದು ಮನೆಗೆ ಬರಬೇಕೆಂದೇ ನನ್ನ ಅಭಿಪ್ರಾಯ. ಒಂದು ಸಣ್ಣ ನಾಡು ತನ್ನ ಬಗ್ಗೆ ಬರೆದುಕೊಂಡ ಮೊದಲ ಪುಸ್ತಕವನ್ನು ನೋಡಲು ಸಮುದ್ರ ದಾಟಿ ಅಪ್ಪಣೆ ಕೇಳಬೇಕಾಗಿರುವುದು ಸರಿಯಲ್ಲ.

ಮಲೆನಾಡಿನ ಹುಡುಗ

ಅಕ್ಕಂದಿರೇ, ಮೇಷ್ಟ್ರೇ, ಬೈಬಲ್ಲಿನ ಪದದ ವಿಷಯ ನನ್ನ ಬಾಯಿ ಮುಚ್ಚಿಸಿತು, ಒಪ್ಪಿದೆ. ‘ಹೊಲಿದ ಅಂಗಿ’ ಎಂಬ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಆದರೆ ಸೇತುವೆಯ ಪ್ಲಾಸ್ಟಿಕ್ ರಿಬ್ಬನ್‌ಗಳ ಮೇಲಿನ ಸಿಟ್ಟು ಹಾಗೇ ಇದೆ. ಮುಂದಿನ ಏಪ್ರಿಲ್‌ನಲ್ಲಿ ಕೆಲಸದ ಮೇಲೆ ಮ್ಯಾಂಚೆಸ್ಟರ್‌ಗೆ ಬರುತ್ತೇನೆ, ನಾಲ್ಕು ದಿನ ಬಿಡುವು ಸಿಗುತ್ತದೆ. ಲಾಗ್ ನಿ ಕೀಲ್ಯಕ್ಕೆ ಹೋಗಲು ಏನು ಬೇಕು? ಹೋದಾಗ ಏನು ಮಾಡಬಾರದು?

ಡಗ್ಲಸ್ ವಾಸಿ

ಬಾ ತಮ್ಮಾ, ಊಟ ನಮ್ಮ ಮನೆಯಲ್ಲಿ.

ಪಾದದ ಗಂಟು ಮುಚ್ಚುವ ಒಳ್ಳೆಯ ಬೂಟು, ನೀರು ಇಳಿಯದ ಜಾಕೆಟ್ ತೆಗೆದುಕೊಂಡು ಬಾ. ಏಪ್ರಿಲ್‌ನಲ್ಲಿ ದಾರಿ ಜಾರುತ್ತದೆ. ಮಂಜು ದಟ್ಟವಾದರೆ ಹಿಂದಿರುಗುವುದೇ ಮೇಲು. ಗೋಡೆಯ ಮೇಲೆ ಹತ್ತಬೇಡ, ಕಲ್ಲಿನ ಮೇಲೆ ಕಲ್ಲು ಪೇರಿಸಬೇಡ, ಸಡಿಲವಾದದ್ದನ್ನು ಸರಿಪಡಿಸಲೂ ಹೋಗಬೇಡ, ಅದಕ್ಕೆ ತಿಳಿದವರಿದ್ದಾರೆ. ಯಾವ ಮರಕ್ಕೂ ಏನನ್ನೂ ಕಟ್ಟಬೇಡ. ಹಿಂದಿನವರು ಕಟ್ಟಿದ ಬಟ್ಟೆ ಕೊಳೆಯುತ್ತಿತ್ತು, ಈಗಿನದು ಕೊಳೆಯುವುದಿಲ್ಲ, ಹಾಗಾದರೆ ಕಾಯಿಲೆ ಕಳೆಯುವುದು ಹೇಗೆ? ಕೆಲವು ಕೀಲ್‌ಗಳು ಖಾಸಗಿ ಜಮೀನಿನಲ್ಲಿವೆ, ಅಲ್ಲಿ ರೈತರನ್ನು ಕೇಳಿಯೇ ಒಳಗೆ ಹೋಗಬೇಕು. ವರ್ಷಕ್ಕೊಮ್ಮೆ ಬೇಸಿಗೆಯ ಆರಂಭದಲ್ಲಿ ಚರ್ಚಿನವರು, ಚರ್ಚಿಗೆ ಸೇರದವರು ಎಲ್ಲ ಒಟ್ಟಾಗಿ ವಾರವಿಡೀ ಕೀಲ್‌ನಿಂದ ಕೀಲ್‌ಗೆ ನಡೆಯುತ್ತಾರೆ, ನಿನಗೆ ಆಗ ಬರಲು ಸಾಧ್ಯವಾದರೆ ಇನ್ನೂ ಒಳ್ಳೆಯದು.

ಏಪ್ರಿಲ್ 30ರವರೆಗೆ ಉಳಿಯಲು ಸಾಧ್ಯವೇ ನೋಡು. ಮೇಲೆ ಬರೆದ ಅಜ್ಜನಿಗೆ ಈ ವರ್ಷ ಬೆರಳು ಮಡಚುತ್ತಿರಲಿಲ್ಲ. ಹೊರಗಿನ ರೋವನ್ ಮರದ ಹತ್ತಿರ ಗಾಲಿಕುರ್ಚಿ ನಿಲ್ಲಿಸಿ, ಯಾವ ಕೊಂಬೆ ಎಂದು ಅವರು ಗಲ್ಲ ಎತ್ತಿ ತೋರಿಸಿದರು, ನಾನು ಮುರಿದೆ. ಮೊದಲ ಕಡ್ಡಿ ಸೀಳಿಹೋಯಿತು, ಅದನ್ನು ಬೇರಿನ ಮೇಲೆ ಇಡಲು ಹೇಳಿದರು. ಉಣ್ಣೆ ಹುಡುಕಲು ಎದುರಿನ ಹೊಲದ ಬೇಲಿಗುಂಟ ಅರ್ಧ ತಾಸು ನಡೆದೆ. ಮುಳ್ಳುತಂತಿಯಿಂದ ಬಿಡಿಸಿದ ಕಂದು ಉಣ್ಣೆ, ಇನ್ನೂ ಕುರಿಯ ಜಿಡ್ಡಿನ ವಾಸನೆ ಇತ್ತು. ಹೊಸೆಯುವುದನ್ನು ಮೂರು ಸಲ ಬಿಚ್ಚಿಸಿ ಮಾಡಿಸಿದರು. ಅಡ್ಡಕಡ್ಡಿ ಸ್ವಲ್ಪ ಓರೆಯಾಗಿದೆ. ಅದು ಈಗ ಅವರ ಬಾಗಿಲ ಮೇಲಿದೆ, ಹಳೆಯದನ್ನು ನನ್ನ ಮನೆಗೆ ಕೊಟ್ಟರು.